ಐಬಿಎಂ 5150ರ ಬಯೋಸ್ ಯಾವುದು? ಚಿಪ್ಪಿನ ಬಾಯಿಂದಲೇ ತಿಳಿದುಕೊಂಡ ಬಗೆ

ಐಬಿಎಂ 5150 ಅಂದರೆ 1981ರ ಆಗಸ್ಟ್‌ನಲ್ಲಿ ಬಂದ ಮೊದಲ ಐಬಿಎಂ ಪಿಸಿ. ನಾನಿರುವ ಅಮೆರಿಕಾದಲ್ಲಿ ಹಳೇ ಕಂಪ್ಯೂಟರ್‌ಗಳ ಸಂತೆಯಲ್ಲಿ ಅದು ಈಗಲೂ ಕೈಗೆ ಸಿಗುತ್ತದೆ. ಮನೆಗೆ ತಂದವರಿಗೆಲ್ಲ ಮೊದಲು ಬರುವ ಆಸೆ, ಒಂದು ಹಾರ್ಡ್ ಡಿಸ್ಕ್ ಕಾರ್ಡ್ ಹಾಕೋಣ ಅಂತ. ನಾನೂ ಹಾಕಿದೆ. ಯಂತ್ರ ಅದರ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಒಂದು ಬೀಪ್, ಆಮೇಲೆ ಫ್ಲಾಪಿಯಿಂದ ಡಾಸ್ (ಆ ಕಾಲದ ಆಪರೇಟಿಂಗ್ ಸಿಸ್ಟಮ್), ಅಷ್ಟೇ. ಇಂಥ ಹೊತ್ತಿನಲ್ಲಿ ಕಾರ್ಡನ್ನು ಬೈಯುವ ಮೊದಲು ಬಯೋಸ್, ಅಂದರೆ ಕರೆಂಟ್ ಬಂದ ಕೂಡಲೇ ಓಡುವ, ಚಿಪ್ಪಿನಲ್ಲೇ ಬರೆದಿಟ್ಟ ಪ್ರೋಗ್ರಾಮ್, ಯಾವ ಕಾಲದ್ದು ಅಂತ ನೋಡಬೇಕು.

5150ಕ್ಕೆ ಮೂರು ಬಯೋಸ್‌ಗಳು ಬಂದವು. ಅವುಗಳ ತಾರೀಕು 04/24/81, 10/19/81, 10/27/82. ಅಮೆರಿಕಾದ ಪದ್ಧತಿ, ತಿಂಗಳು ಮೊದಲು. ಈ ಮೂರರಲ್ಲಿ ಕೊನೆಯದಕ್ಕೆ ಮಾತ್ರ ಕಾರ್ಡಿನ ಮೇಲಿರುವ ಆರ್‌ಒಎಂ, ಅಂದರೆ ಓದಲು ಮಾತ್ರ ಆಗುವ ಚಿಪ್ಪನ್ನು ಹುಡುಕುವುದು ಗೊತ್ತು. (ಇಲ್ಲಿಂದ ಮುಂದೆ ಗೊಂದಲ ಬೇಡ ಅಂತ ಇದನ್ನು ರೋಮ್ ಅಂತಲೇ ಬರೆಯುತ್ತೇನೆ, ನೆನಪಿನ ಚಿಪ್ಪನ್ನು ರ್‍ಯಾಮ್ ಅಂತ.) ಕಾರ್ಡಿನ ರೋಮ್ ಹೆಕ್ಸ್‌ನಲ್ಲಿ (ಹದಿನಾರರ ಲೆಕ್ಕದ ಸಂಖ್ಯೆಗಳಲ್ಲಿ) 55 ಎಎ ಎಂಬ ಎರಡು ಬೈಟ್‌ಗಳಿಂದ ಶುರುವಾಗುತ್ತದೆ. ಮೂರನೇ ಬಯೋಸ್ 2 ಕೆಬಿಗೊಂದು ಹೆಜ್ಜೆ ಇಡುತ್ತಾ ಆ ಗುರುತನ್ನು ಹುಡುಕುತ್ತದೆ. ಸಿಕ್ಕರೆ ಆ ರೋಮ್‌ನಲ್ಲಿರುವ ಎಲ್ಲ ಬೈಟ್ ಕೂಡಿಸಿ ಸರಿ ಇದೆಯಾ ನೋಡಿ, ಕೆಲಸವನ್ನು ಅದಕ್ಕೆ ಒಪ್ಪಿಸುತ್ತದೆ. ಮೊದಲ ಎರಡು ಬಯೋಸ್‌ಗಳು ಹುಡುಕುವುದೇ ಇಲ್ಲ. ಪರದೆಗೆ ಚಿತ್ರ ಕಳಿಸುವ ಇಜಿಎ, ವಿಜಿಎ ಕಾರ್ಡ್‌ಗಳದ್ದೂ ಇದೇ ಕತೆ.

ಡಬ್ಬಿ ಬಿಚ್ಚದೆಯೇ ಒಂದು ಸುಳಿವು ಸಿಗುತ್ತದೆ. ಯಂತ್ರದಲ್ಲಿ 640 ಕೆಬಿ ರ್‍ಯಾಮ್ ಇದ್ದು, ಅದೆಷ್ಟು ಅಂತ ಬಯೋಸ್‌ಗೆ ಹೇಳುವ ಬೋರ್ಡಿನ ಸ್ವಿಚ್‌ಗಳೂ ಸರಿಯಿದ್ದರೆ, ಡಾಸ್‌ನ ಚೆಕ್‌ಡಿಸ್ಕ್ ಆದೇಶ ಓಡಿಸಿ ಒಟ್ಟು ಮೆಮೊರಿ ನೋಡಿ. 6,55,360 ಬಂದರೆ ಸರಿ. 5,57,056ಕ್ಕೆ ನಿಂತರೆ ಅದು 544 ಕೆಬಿ, ಅಂದರೆ ಹಳೇ ಬಯೋಸ್ ಇರುವ ಸಾಧ್ಯತೆ ಜಾಸ್ತಿ. ಈ ವಿಚಿತ್ರ ಅಂಕಿ ಎಲ್ಲಿಂದ ಬಂತು ಅಂತ ಲೆಕ್ಕ ಹಾಕಿದಾಗ ನನಗೆ ತುಂಬಾ ಖುಷಿಯಾಯಿತು. ಹಳೇ ಬಯೋಸ್ ಹೆಚ್ಚುವರಿ ಮೆಮೊರಿಗಾಗಿ ಎರಡನೇ ಸ್ವಿಚ್ ಗುಂಪಿನ ನಾಲ್ಕು ಸ್ವಿಚ್‌ಗಳನ್ನು ಮಾತ್ರ ಓದುತ್ತದೆ. ನಾಲ್ಕು ಸ್ವಿಚ್‌ನಲ್ಲಿ ಹೇಳಬಹುದಾದ ದೊಡ್ಡ ಸಂಖ್ಯೆ 15. ಒಂದೊಂದಕ್ಕೂ 32 ಕೆಬಿ. ಹದಿನೈದು ಸಲ ಮೂವತ್ತೆರಡು 480, ಬೋರ್ಡಿನ ಮೇಲಿನ 64 ಸೇರಿಸಿ, 544. ಹೊಸ ಬಯೋಸ್ ಐದನೇ ಸ್ವಿಚ್ಚನ್ನೂ ಓದುತ್ತದೆ.

ಸುಳಿವು ಸುಳಿವೇ. ಖಾತ್ರಿ ಬೇಕಾದರೆ ಮೆಮೊರಿಯ ಒಳಗೆ ಇಣುಕಿ ನೋಡುವ ಡಾಸ್‌ನ ಡಿಬಗ್ ಪ್ರೋಗ್ರಾಮ್ ಸಾಕು. ಡಿಬಗ್ ಶುರು ಮಾಡಿ ಡಿ ಅಕ್ಷರ, ಜಾಗ ಬಿಟ್ಟು ನಾಲ್ಕು ಎಫ್, ಕೋಲನ್, 0 ಅಂತ ಒತ್ತಿ ಎಂಟರ್ ಕೊಡಿ. ಬರುವ ಮೊದಲ ಸಾಲಿನ ಹದಿನಾರು ಬೈಟ್‌ಗಳಲ್ಲೇ ಎಲ್ಲ ಇದೆ. ಮೊದಲ ಐದು, ಇಎ 5ಬಿ ಇ0 00 ಎಫ್0. ಕರೆಂಟ್ ಬಂದ ತಕ್ಷಣ 8088 ಪ್ರೊಸೆಸರ್ ಬಂದು ನಿಲ್ಲುವ ಜಾಗ ಅದು, ಅಲ್ಲಿಂದ ಬಯೋಸ್‌ನ ಒಳಗೆ ಜಿಗಿಯುವ ಆದೇಶ. ಮುಂದಿನ ಎಂಟು ಬೈಟ್ ತಾರೀಕು. 31 30 2ಎಫ್ 32 37 2ಎಫ್ 38 32 ಅಂತಿದ್ದರೆ ಬಲಗಡೆಯ ಅಕ್ಷರಗಳ ಕಾಲಮ್ಮಿನಲ್ಲಿ 10/27/82 ಅಂತ ಕಾಣುತ್ತದೆ. ಕೊನೆಯಿಂದ ಎರಡನೇ ಬೈಟ್ ಮಾಡೆಲ್ ಗುರುತು. ಎಫ್‌ಎಫ್ ಅಂದರೆ ಪಿಸಿ, ಉಳಿದವು ಐಬಿಎಂನ ಆಮೇಲಿನ ಮಾಡೆಲ್‌ಗಳು: ಎಫ್‌ಇ ಅಂದರೆ ಎಕ್ಸ್‌ಟಿ, ಎಫ್‌ಡಿ ಪಿಸಿ ಜೂನಿಯರ್, ಎಫ್‌ಸಿ ಎಟಿ. 10/27/82 ಮತ್ತು ಎಕ್ಸ್‌ಟಿಯ 11/08/82, ಈ ಎರಡು ತಾರೀಕುಗಳ ಮಧ್ಯೆ ಎರಡು ವಾರವೂ ಇಲ್ಲ. ಹಾಗಾಗಿ ತಾರೀಕಿನ ಜೊತೆ ಮಾಡೆಲ್ ಬೈಟನ್ನೂ ನೋಡುವುದು ನನ್ನ ಪದ್ಧತಿ.

ನನ್ನ ಯಂತ್ರ 10/19/81 ಅಂತ ಹೇಳಿತು. ಆಮೇಲೆ ಡಬ್ಬಿ ಬಿಚ್ಚಿದೆ.

ಮದರ್‌ಬೋರ್ಡಿನಲ್ಲಿ ಯು33 ಎಂಬ ಸಾಕೆಟ್‌ನಲ್ಲಿ ಬಯೋಸ್ ಇರುತ್ತದೆ, 8 ಕೆಬಿ. ಪಕ್ಕದ ಯು29ರಿಂದ ಯು32ರವರೆಗಿನ ನಾಲ್ಕು ಚಿಪ್‌ಗಳಲ್ಲಿರುವುದು ಕ್ಯಾಸೆಟ್ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆ. ಐಬಿಎಂನ ಪಾರ್ಟ್ ನಂಬರ್ ಚಿಪ್ಪಿನ ಬೆನ್ನ ಮೇಲೆ ಅಚ್ಚಾಗಿರುತ್ತದೆ. 5700051 ಅಂದರೆ ಮೊದಲನೆಯದು, 5700671 ಎರಡನೆಯದು, 1501476 ಮೂರನೆಯದು. ಅದರ ಜೊತೆ ಇರುವ ನಾಲ್ಕಂಕಿಯ ಗುರುತನ್ನು ಬಯೋಸ್ ತಾರೀಕು ಅಂತ ಓದಬೇಡಿ. ಅದು ಚಿಪ್ ತಯಾರಾದ ವರ್ಷ ಮತ್ತು ವಾರ. 8312 ಅಂದರೆ 1983ರ ಹನ್ನೆರಡನೇ ವಾರ. ಒಳಗಿನ ಪ್ರೋಗ್ರಾಮ್ ಅದಕ್ಕಿಂತ ತಿಂಗಳುಗಟ್ಟಲೆ ಹಳೆಯದಿರಬಹುದು.

ಮಾರುವವರು ಬೋರ್ಡ್ ನೋಡಿ ಬಯೋಸ್ ಹೇಳುವುದುಂಟು. ಬೋರ್ಡಿನ ಮೇಲೆ 64ಕೆಬಿ-256ಕೆಬಿ ಅಂತ ಬರೆದಿದ್ದರೆ ಅದಕ್ಕೆ ಬಂದದ್ದು ಮೂರನೇ ಬಯೋಸ್, ನಿಜ. ಆದರೆ 16ಕೆಬಿ-64ಕೆಬಿ ಬೋರ್ಡ್‌ನಲ್ಲಿ ಮೂರರಲ್ಲಿ ಯಾವುದಾದರೂ ಇರಬಹುದು. ನಲವತ್ತು ವರ್ಷದಲ್ಲಿ ಎಷ್ಟು ಕೈ ಬದಲಾಗಿರುತ್ತದೆ, ಯಾರು ಯಾವ ಚಿಪ್ ಹಾಕಿರುತ್ತಾರೆ! ಬೆನ್ನ ಮೇಲೆ ಗಾಜಿನ ಕಿಟಕಿ, ಅದರ ಮೇಲೆ ಸ್ಟಿಕ್ಕರ್ ಕಂಡರೆ ಅದು ಇಪ್ರಾಮ್ (ಅಳಿಸಿ ಮತ್ತೆ ಬರೆಯಬಹುದಾದ ರೋಮ್), ಯಾರೋ ಆಮೇಲೆ ಬರೆದು ಹಾಕಿದ್ದು. ಸ್ಟಿಕ್ಕರಿನ ಮೇಲಿನ ಬರಹ ನಂಬುವಂತಿಲ್ಲ, ಆದರೂ ಸ್ಟಿಕ್ಕರ್ ಕಿತ್ತು ಬಿಸಾಡಬೇಡಿ. ನೇರ ಬಿಸಿಲು ಸುಮಾರು ಒಂದು ವಾರ ಬಿದ್ದರೆ ಒಳಗಿನದು ಅಳಿಸಿಹೋಗುತ್ತದೆ.

ಯಂತ್ರ ಏಳುವುದೇ ಇಲ್ಲ ಅಂದರೆ ಡಿಬಗ್ ದಾರಿ ಮುಚ್ಚಿತು. ಆಗ ಚಿಪ್ಪನ್ನು ತೆಗೆದು ಪ್ರೋಗ್ರಾಮರ್, ಅಂದರೆ ಚಿಪ್‌ಗಳನ್ನು ಓದಿ ಬರೆಯುವ ಸಾಧನದಲ್ಲಿ ಓದಬೇಕು. ಎರಡೂ ತುದಿಯನ್ನು ಸ್ವಲ್ಪ ಸ್ವಲ್ಪವಾಗಿ ಎತ್ತಿ, ಇಲ್ಲದಿದ್ದರೆ ಕಾಲು ಸೊಟ್ಟಗಾಗುತ್ತದೆ. ಈ ಚಿಪ್ಪಿಗೆ 24 ಕಾಲು. ಇವತ್ತಿನ ಪ್ರೋಗ್ರಾಮರ್‌ಗಳಿಗೆ ಪರಿಚಯವಿರುವ 2764 ಎಂಬ ಇಪ್ರಾಮ್‌ಗೆ 28. ಮಧ್ಯೆ ಒಂದು ಅಡಾಪ್ಟರ್ ಬೇಕು. ನಾನು ಎರಡು ಸಾಕೆಟ್ ಮತ್ತು ಸಣ್ಣ ತಂತಿಗಳಿಂದ ಮಾಡಿಕೊಂಡೆ. ಚಿಪ್ಪಿನ 18ನೇ ಕಾಲು 2764ರ 23ಕ್ಕೆ, 21ನೆಯದು 2ಕ್ಕೆ, 20ನೆಯದು 20ಕ್ಕೆ, 5 ವೋಲ್ಟ್ ಬೇಕಾದ 24ನೆಯದು 28ಕ್ಕೆ. ಉಳಿದವು ಎರಡೆರಡು ಸ್ಥಾನ ಕೆಳಗೆ, ನೇರವಾಗಿ.

ಮಾಸ್ಟೆಕ್‌ನ ಎಂಕೆ36000 ಚಿಪ್ ಆಗಿದ್ದರೆ ಇನ್ನೊಂದು ವಿಷಯವಿದೆ. ಸೆಲೆಕ್ಟ್ ಕಾಲಿನ (20ನೆಯದು) ಸಿಗ್ನಲ್ ಮೇಲಿಂದ ಕೆಳಗೆ ಇಳಿಯುವ ಕ್ಷಣದಲ್ಲಿ ಮಾತ್ರ ಅದು ವಿಳಾಸವನ್ನು ಹಿಡಿದುಕೊಳ್ಳುತ್ತದೆ. ಆ ಕಾಲನ್ನು ಕೆಳಗೇ ಇಟ್ಟು ವಿಳಾಸ ಬದಲಿಸುತ್ತಾ ಹೋಗುವ ಪ್ರೋಗ್ರಾಮರ್‌ಗೆ ಮತ್ತೆ ಮತ್ತೆ ಒಂದೇ ಬೈಟ್ ಸಿಗುತ್ತದೆ. ಹಾಗೆ ಕಂಡರೆ ಚಿಪ್ ಸತ್ತಿದೆ ಅಂದುಕೊಳ್ಳಬೇಡಿ. ಪ್ರತಿ ಬೈಟಿಗೂ ಆ ಕಾಲನ್ನು ಎತ್ತಿ ಇಳಿಸುವ ರೀಡರ್ ಬೇಕು, ಆರ್ಡುಯಿನೋ ಎಂಬ ಪುಟ್ಟ ಕಂಟ್ರೋಲರ್ ಬೋರ್ಡ್ ಇದ್ದರೆ ನಾವೇ ಮಾಡಿಕೊಳ್ಳಬಹುದು.

ಓದಿದ ಫೈಲ್ 8192 ಬೈಟ್ ಇರಬೇಕು. ಶುರುವಿನಲ್ಲೇ ಪಾರ್ಟ್ ನಂಬರ್ ಮತ್ತು ಐಬಿಎಂನ ಕಾಪಿರೈಟ್ ಸಾಲು, ಕೊನೆಯಲ್ಲಿ ತಾರೀಕು. ಎಲ್ಲ ಬೈಟ್ ಕೂಡಿಸಿದರೆ ಮೊತ್ತದ ಕೊನೆಯ ಎರಡು ಹೆಕ್ಸ್ ಅಂಕಿ 00 ಬರಬೇಕು. ಯಂತ್ರ ಕೂಡ ಏಳುವಾಗ ಇದೇ ಲೆಕ್ಕ ಮಾಡುತ್ತದೆ, ತಾಳೆಯಾಗದಿದ್ದರೆ ಬೀಪ್ ಕೂಡ ಇಲ್ಲದೆ ಅಲ್ಲೇ ನಿಂತುಬಿಡುತ್ತದೆ. ತಾರೀಕು ಸರಿಯಾಗಿ ಕಂಡರೂ ಮೊತ್ತ ತಪ್ಪಿದರೆ ಒಳಗೆ ಎಲ್ಲೋ ಒಂದು ಬಿಟ್ ಕೆಟ್ಟಿದೆ ಅಂತಲೇ ಅರ್ಥ. ನನ್ನ ಮಟ್ಟಿಗೆ ಈ ಮೊತ್ತ ಬರುವ ತನಕ ಚಿಪ್ ಗುರುತಿಸಿದ ಹಾಗಲ್ಲ.

ಬೆಂಗಳೂರಲ್ಲಿ ಓದುವಾಗ ನಾವು ಎಕ್ಸ್‌ಟಿ ಅಂತ ಕರೆಯುತ್ತಿದ್ದ ಯಂತ್ರಗಳು ಕ್ಲೋನ್‌ಗಳು, ಅಂದರೆ ಬೇರೆ ಕಂಪನಿಗಳು ಮಾಡಿದ ನಕಲುಗಳು. ಅಂಥದ್ದು ಊರಿನ ಅಟ್ಟದಲ್ಲಿ ಸಿಕ್ಕರೂ ಡಿಬಗ್ ದಾರಿ ನಡೆಯುತ್ತದೆ. ಮಾಡೆಲ್ ಬೈಟ್ ಎಫ್‌ಇ ಅಂತ ಕಂಡ ಮಾತ್ರಕ್ಕೆ ಐಬಿಎಂ ಅಲ್ಲ. ರೋಮ್‌ನೊಳಗಿನ ಅಕ್ಷರಗಳನ್ನು ಓದಿ, ಮಾಡಿದವರ ಹೆಸರು ಸಿಗುತ್ತದೆ.

ನನ್ನ 5150ಕ್ಕೆ ಮೂರನೇ ಬಯೋಸನ್ನು 24 ಕಾಲಿನ ಎಂಸಿಎಂ68766 ಇಪ್ರಾಮ್‌ಗೆ ಬರೆದು ಯು33ಕ್ಕೆ ಹಾಕಿದೆ. ಅದು ಯಾವ ತಂತಿ ಕೆಲಸವೂ ಇಲ್ಲದೆ ಕೂರುತ್ತದೆ. ಎರಡನೇ ಗುಂಪಿನ ಐದೂ ಸ್ವಿಚ್‌ಗಳನ್ನು ಸರಿಮಾಡಿದ ಮೇಲೆ ಚೆಕ್‌ಡಿಸ್ಕ್ 6,55,360 ತೋರಿಸಿತು, ಹಾರ್ಡ್ ಡಿಸ್ಕ್ ಕಾರ್ಡ್ ಕೂಡ ಎದ್ದಿತು. 1981ರ ಮೂಲ ಚಿಪ್ಪನ್ನು ಕಪ್ಪು ಆಂಟಿಸ್ಟ್ಯಾಟಿಕ್ ಫೋಮಿಗೆ ಚುಚ್ಚಿ, ಅದರ ಪಾರ್ಟ್ ನಂಬರ್, ವಾರದ ಗುರುತು, ಒಳಗಿನ ತಾರೀಕು ಮೂರನ್ನೂ ಚೀಟಿಯಲ್ಲಿ ಬರೆದು ಅದೇ ಡಬ್ಬಿಯೊಳಗೆ ಇಟ್ಟಿದ್ದೇನೆ. ಮುಂದೆ ಆ ಯಂತ್ರ ಯಾರ ಕೈಗೆ ಹೋದರೂ ಅದು ಜೊತೆಗೇ ಹೋಗಬೇಕು.