‘ದಿನ’ ಮತ್ತು ‘ಡೇ’ ನೆಂಟರಲ್ಲ: ಚುಕ್ಕಿ ಪದಗಳಿಂದ ಜರ್ಮನ್ ಕಲಿಸಿದ ನನ್ನ ಅನುಭವ

“ಇವರಿಗೆ ಜರ್ಮನ್‌ನಲ್ಲಿ ಲಿಂಗ ತೋರಿಸೋ ಡೆರ್ ಡೀ ಡಾಸ್ ನೆಟ್ಟಗೆ ಬರಲ್ಲ, ನೀವು ಎರಡು ಸಾವಿರ ವರ್ಷದ ಹಿಂದಿನ ಪದ ಹೇಳಿಕೊಡ್ತೀರಾ?” ನನ್ನ ಜೊತೆ ಪಾಠ ಮಾಡುತ್ತಿದ್ದವರೊಬ್ಬರು ಹೀಗೆ ಕೇಳಿ ನಕ್ಕಿದ್ದರು. ಈಗ ನಗುವ ಸರದಿ ನನ್ನದು. ಕಳೆದ ಬ್ಯಾಚಿನಲ್ಲಿ ಹದಿನಾಲ್ಕು ಜನ, ಹೆಚ್ಚಿನವರು ಜರ್ಮನಿಗೆ ಹೊರಟ ನರ್ಸ್‌ಗಳು. ಆರು ವಾರದಲ್ಲಿ ಸುಮಾರು 500 ಪದ. ಹನ್ನೊಂದು ಜನ ನೂರಕ್ಕೆ ಎಂಬತ್ತು ದಾಟಿದರು. ಹಿಂದಿನ ಬ್ಯಾಚುಗಳಲ್ಲಿ ಐವತ್ತು ದಾಟಿಸುವಷ್ಟರಲ್ಲಿ ನನಗೇ ಸುಸ್ತಾಗುತ್ತಿತ್ತು.

ಗ್ರಿಮ್ ನಿಯಮ ಅಂದರೆ ಚುಟುಕಾಗಿ ಇಷ್ಟು: ಸಂಸ್ಕೃತಕ್ಕೂ ಇಂಗ್ಲಿಷ್, ಜರ್ಮನ್‌ಗಳಿಗೂ ಮೂಲ ಒಂದೇ, ಆ ಮೂಲದ ‘ಪ’ ಜರ್ಮಾನಿಕ್ ಕಡೆ ‘ಫ’ ಆಯ್ತು, ‘ದ’ ‘ಟ’ ಆಯ್ತು, ‘ಕ’ ‘ಹ’ ಆಯ್ತು, ‘ಧ’ ‘ದ’ ಆಯ್ತು. ಇದೇ ಮೊದಲ ಪಲ್ಲಟ. ಇಂಗ್ಲಿಷ್, ಜರ್ಮನ್, ಡಚ್‌ಗಳ ತಾಯಿ ಭಾಷೆಯಾದ ಮೂಲ ಜರ್ಮಾನಿಕ್‌ನ ಪದಗಳು ಹಾಗೇ ಬರೆದಿಟ್ಟು ಸಿಕ್ಕವಲ್ಲ, ಮಗಳು ಭಾಷೆಗಳನ್ನು ನೋಡಿ ಕಟ್ಟಿದವು. ಅದಕ್ಕೇ ಮೊದಲಲ್ಲೊಂದು ಚುಕ್ಕಿ (*). ನಮ್ಮ ಕ್ಲಾಸಿನಲ್ಲಿ ಅವಕ್ಕೆ ‘ಚುಕ್ಕಿ ಪದ’ ಅಂತಲೇ ಹೆಸರು.

ಮೊದಲ ಸಲ ಪೂರ್ತಿ ಮುಗ್ಗರಿಸಿದೆ. 1822ರಲ್ಲಿ ಈ ನಿಯಮ ಬರೆದ ಜರ್ಮನ್ ಪಂಡಿತ ಗ್ರಿಮ್, ಅದಕ್ಕೂ ಮುಂಚೆ ಇದನ್ನು ಗುರುತಿಸಿದ ಡೆನ್ಮಾರ್ಕಿನ ರಾಸ್ಕ್, ಬೋರ್ಡ್ ತುಂಬ ಬಾಣದ ಗುರುತು. ಇಪ್ಪತ್ತೇ ನಿಮಿಷಕ್ಕೆ ಅರ್ಧ ಕ್ಲಾಸು ತೂಕಡಿಸಿತು. ನೈಟ್ ಶಿಫ್ಟ್ ಮುಗಿಸಿ ಬಂದ ಹುಡುಗಿಯರು, ಪಾಪ.

ಎರಡನೇ ಸಲ ಕಾರ್ಡ್ ಮಾಡಿಸಿದೆ. ಒಂದು ಬದಿಗೆ ಸಂಸ್ಕೃತ, ನಡುವೆ ಚುಕ್ಕಿ ಪದ, ಆಮೇಲೆ ಇಂಗ್ಲಿಷ್, ಜರ್ಮನ್. ದಂತ, *ಟಂಥ್ಸ್, ಟೂತ್, ತ್ಸಾನ್. ಪಾದ, *ಫೋಟ್ಸ್, ಫುಟ್, ಫೂಸ್. ತ್ರಿ, *ಥ್ರೀಝ್, ಥ್ರೀ, ಡ್ರೈ. ನಾಲ್ಕು ನೂರು ಕಾರ್ಡು, ಲ್ಯಾಮಿನೇಷನ್ ಸೇರಿ ಒಂಬತ್ತು ಸಾವಿರದ ಹತ್ತಿರ. ನಿಘಂಟಿಗೆ ಕೊಟ್ಟ ದುಡ್ಡು ಬೇರೆ. ಅದರ ಬೆಲೆ ಮನೆಯವರಿಗೆ ಇವತ್ತಿಗೂ ಹೇಳಿಲ್ಲ.

ಆ ಕಾರ್ಡುಗಳಲ್ಲಿ ಒಂದು ‘ದಿನ – ಡೇ – ಟಾಗ್’. ಎಷ್ಟು ಚೆನ್ನಾಗಿ ಹೊಂದುತ್ತದೆ, ಅಲ್ವಾ? ಪುತ್ತೂರಿನ ಕಡೆಯ ಹುಡುಗಿಯೊಬ್ಬಳು ಕೈ ಎತ್ತಿದಳು. “ಮೇಡಂ, ದಂತದ ‘ದ’ ಟ ಆಯ್ತು, ದಶದ ‘ದ’ ಟ ಆಗಿ ಟೆನ್ ಆಯ್ತು. ದಿನದ್ದು ಮಾತ್ರ ಯಾಕೆ ಹಾಗೇ ಉಳೀತು?”

ಉಳಿಯಬಾರದಿತ್ತು. ಅವಳೇ ಸರಿ. ಡೇ ಬಂದದ್ದು *ದಗಝ್‌ನಿಂದ. ಅದರ ‘ದ’ ಹುಟ್ಟಿದ್ದು ಹಳೆಯ ‘ಧ’ದಿಂದ. ಕೆಲವು ಪಂಡಿತರು ಅದನ್ನು ‘ದಹ’ ಜೊತೆ ಜೋಡಿಸುತ್ತಾರೆ, ಎಲ್ಲರೂ ಒಪ್ಪಿಲ್ಲ. ‘ದಿನ’ಕ್ಕಂತೂ ಅದು ಏನೂ ಆಗಬೇಕಿಲ್ಲ. ಮುಖ ಒಂದೇ ಥರ ಇದೆ, ಅಷ್ಟೇ. ನನಗೆ ಅವಮಾನ ಆಯ್ತು ಅನ್ನೋದು ನಿಜ. ಆದರೆ ಮನೆಗೆ ಹೋದ ಮೇಲೆ ಹೊಳೆಯಿತು: ನಿಯಮ ಹಿಡಿದು ಟೀಚರ್‌ನ ತಪ್ಪು ಹುಡುಕಿದಳು ಅಂದರೆ ಪಾಠ ಇಳಿದಿದೆ. ಅವತ್ತಿನಿಂದ ಸುಳ್ಳು ನೆಂಟರನ್ನು ಬೇಕಂತಲೇ ಕಾರ್ಡುಗಳಲ್ಲಿ ಸೇರಿಸುತ್ತೇನೆ. ಎಷ್ಟು, ಎಷ್ಟನೇ ಕಾರ್ಡಿಗೆ ಅನ್ನುವುದು ನನ್ನ ಹತ್ತಿರವೇ ಇರಲಿ.

‘ಹೃದಯ – ಹಾರ್ಟ್ – ಹೆರ್ತ್ಸ್’ ಇನ್ನೂ ತಲೆನೋವು. ನೆಂಟರು ಹೌದು, ಆದರೆ ಹ-ಹ ಹೊಂದಿದ್ದು ಆಕಸ್ಮಿಕ. ಜರ್ಮಾನಿಕ್‌ನ ‘ಹ’ ಬಂದದ್ದು ‘ಕ’ದಿಂದ. ಆ ಲೆಕ್ಕಕ್ಕೆ ಸಂಸ್ಕೃತದಲ್ಲಿ ‘ಶ’ ಇರಬೇಕಿತ್ತು, ಶತ–ಹಂಡ್ರೆಡ್ ಇದ್ದ ಹಾಗೆ. ಆ ಕಾರ್ಡನ್ನು ಡ್ರಾಯರಿಗೆ ಹಾಕಿದ್ದೇನೆ.

ನಿಜವಾಗಿ ಬಾಗಿಲು ತೆರೆದದ್ದು ಮೂರನೇ ಬ್ಯಾಚಿನಲ್ಲಿ, ಅದೂ ಖರ್ಚಿಲ್ಲದೆ. ಟೀ ಹೊತ್ತಿಗೆ ಮಲಯಾಳಿ ಹುಡುಗಿ ‘ಪಾಲ್’ ಅಂದಳು, ನಾನು ‘ಹಾಲು’ ಅಂದೆ. ಸುಮ್ನೆ ಕೇಳಿದೆ: ಹುಲಿಗೆ ಏನಂತೀರಿ? ಅವಳು ‘ಪುಲಿ’, ತುಳುವಿನವಳು ‘ಪಿಲಿ’. ಹಲ್ಲು? ‘ಪಲ್ಲ್’. ಬೋರ್ಡಿನ ಮೇಲೆ ಬರೆಸಿದೆ. “ಮೂವರಿಗೂ ಒಬ್ಬಳೇ ಅಜ್ಜಿ. ಅವಳು ಪ ಅಂತಿದ್ದಳೋ, ಹ ಅಂತಿದ್ದಳೋ?” ಎರಡೇ ನಿಮಿಷ. ಪ ಅಂದರು, ಹಳಗನ್ನಡದಲ್ಲೂ ‘ಪುಲಿ’ಯೇ ಇತ್ತಲ್ಲ ಅಂತ ಸಾಕ್ಷಿಯನ್ನೂ ಕೊಟ್ಟರು. ಅವರ ಕೈಯಲ್ಲೇ ಒಂದು ಚುಕ್ಕಿ ಪದ ಹುಟ್ಟಿತು! ಆಮೇಲೆ ಪಾದ–ಫುಟ್ ಹೇಳಿದಾಗ ಯಾರೂ ಕಣ್ಣು ಮಿಟುಕಿಸಲಿಲ್ಲ. ಈಗ ಮೊದಲ ಎರಡು ದಿನ ಜರ್ಮನ್ ಬಾಯಿಗೇ ತರುವುದಿಲ್ಲ.

ಎರಡನೇ ಪಲ್ಲಟ, ಅಂದರೆ ಆಮೇಲೆ ಜರ್ಮನ್‌ನಲ್ಲಿ ಆದ, ಇಂಗ್ಲಿಷಿಗೆ ತಟ್ಟದ ವ್ಯಂಜನ ಬದಲಾವಣೆ, ಇನ್ನೂ ಸುಲಭ. ಇಂಗ್ಲಿಷ್ ಗೊತ್ತಿದ್ದರೆ ಸಾಕು: ಟೆನ್–ತ್ಸೇನ್, ವಾಟರ್–ವಾಸರ್, ಆಪಲ್–ಆಪ್ಫೆಲ್, ಮೇಕ್–ಮಾಖನ್. ನಾಲಿಗೆ ಮಾತ್ರ ‘ತ್ಸ’ಕ್ಕೆ ಒಗ್ಗಲ್ಲ, ಹದಿನೈದು ದಿನ ‘ಜಾನ್, ಜೇನ್’ ಅಂತಲೇ ಓಡುತ್ತದೆ.

ನಡುವೆ ಒಂದಷ್ಟು ಹುಚ್ಚಾಟ. ಪಕ್ಕದ ಮನೆ ಹುಡುಗ ನೆದರ್ಲೆಂಡ್ಸ್‌ಗೆ ಹೊರಟಿದ್ದ, ಅದೇ ಕಾರ್ಡು ಕೊಟ್ಟೆ. ಡಚ್ಚಿಗೆ ಆ ಎರಡನೇ ಪಲ್ಲಟ ತಟ್ಟಿಲ್ಲ. ಅಲ್ಲಿ ತೀನ್, ವಾಟರ್, ಆಪೆಲ್. ಮೂರು ವಾರದಲ್ಲಿ ನನಗಿಂತ ಜಾಸ್ತಿ ಪದ ಅವನ ಬಾಯಲ್ಲಿ. ಆಮೇಲೆ ಫಿನ್ನಿಶ್ ಗುಂಗು ಹತ್ತಿತು. ಅದು ಬೇರೆ ಕುಟುಂಬದ ಭಾಷೆ, ಆದರೂ ರಾಜನಿಗೆ ಅಲ್ಲಿ ಜರ್ಮಾನಿಕ್‌ನಿಂದ ಸಾಲ ತಂದ ‘ಕುನಿಂಗಸ್’. ಚುಕ್ಕಿ ಪದ *ಕುನಿಂಗಝ್! ಇಂಗ್ಲಿಷಿನಲ್ಲಿ ಸವೆದು ಕಿಂಗ್, ಜರ್ಮನ್‌ನಲ್ಲಿ ಕೋನಿಗ್. ನೆರೆಮನೆಗೆ ಕೊಟ್ಟ ಪಾತ್ರೆ ಹೊಸದರಂತೆ ಇದ್ದು, ನಮ್ಮ ಮನೆಯದು ನೆಗ್ಗಿ ಹೋದ ಹಾಗೆ. ಹತ್ತು ದಿನ ಅದರಲ್ಲೇ ಮುಳುಗಿದೆ. ನರ್ಸ್‌ಗಳಿಗೆ ನಯಾಪೈಸೆ ಉಪಯೋಗ ಇಲ್ಲ.

ಹಳೆಯ ಪದದಲ್ಲಿ ಒತ್ತು ಎಲ್ಲಿತ್ತು ಅನ್ನುವುದರ ಮೇಲೆ ವ್ಯಂಜನ ಬೇರೆಯಾಗುತ್ತದೆ ಅನ್ನುವ ವರ್ನರ್ ನಿಯಮವನ್ನೂ ಒಮ್ಮೆ ಮುಟ್ಟಿದೆ. ಫಾಟರ್‌ಗೆ ಟ, ಬ್ರೂಡರ್‌ಗೆ ಡ ಯಾಕೆ? ವೇದದ ಸ್ವರದಲ್ಲಿ ‘ಪಿತಾ’ಕ್ಕೆ ಉದಾತ್ತ (ಏರು ಸ್ವರ) ಕೊನೆಯಲ್ಲಿ, ‘ಭ್ರಾತಾ’ಕ್ಕೆ ಮೊದಲಲ್ಲಿ, ಅದರ ಗುರುತು ಈ ಜರ್ಮನ್ ಪದಗಳಲ್ಲಿ ಉಳಿದಿದೆ. ನನಗೆ ಮೈ ಜುಮ್ಮೆಂದಿತು. ಕ್ಲಾಸಿನಲ್ಲಿ ಇಬ್ಬರಿಗೆ ಅರ್ಥ ಆಯ್ತು.

ಈಚೆಗೆ ಕಾರ್ಡಿಗೆ ದುಡ್ಡು ಹಾಕುವುದು ಕಡಿಮೆ ಮಾಡಿದ್ದೇನೆ. ಗ್ರಂಥಿಗೆ ಅಂಗಡಿಯಿಂದ ಇಪ್ಪತ್ತು ರೂಪಾಯಿಯ ಹಿಪ್ಪಲಿ ತಂದು ಒಬ್ಬೊಬ್ಬರ ಕೈಗೆ ಒಂದೊಂದು ಕೊಡುತ್ತೇನೆ. ಪಿಪ್ಪಲಿ ನಮ್ಮಲ್ಲಿ ‘ಹಾಲು’ ದಾರಿ ಹಿಡಿದು ಹಿಪ್ಪಲಿ ಆಯ್ತು. ಅತ್ತ ಗ್ರೀಕ್, ಲ್ಯಾಟಿನ್ ದಾಟಿ ಹೋಗಿ ಇಂಗ್ಲಿಷಿಗೆ ಪೆಪ್ಪರ್. ಮೊದಲ ಪಲ್ಲಟ ಮುಗಿದ ಮೇಲೆ ಬಂದ ಸಾಲದ ಪದ, ಅದಕ್ಕೇ ‘ಪ’ ಹಾಗೇ ಉಳಿದಿದೆ. ಎರಡನೆಯದಕ್ಕೆ ಸಿಕ್ಕಿಬಿದ್ದು ಜರ್ಮನ್‌ನಲ್ಲಿ ಪ್ಫೆಫರ್. ಆ ‘ಪ್ಫ’ ಯಾರ ಬಾಯಿಗೂ ಬರುತ್ತಿರಲಿಲ್ಲ. ಕಳೆದ ವಾರ ಒಬ್ಬಳು ಹಿಪ್ಪಲಿಯನ್ನು ಹಲ್ಲಲ್ಲಿ ಕಡಿದು, ಖಾರ ಹತ್ತಿ, ಮುಖ ಸಿಂಡರಿಸಿ “ಪ್ಫೆ” ಅಂತ ಉಗಿದಳು.

“ಅದೇ,” ಅಂದೆ. “ಅದನ್ನೇ ಇನ್ನೊಂದು ಸಲ ಹೇಳು.”