ಥಾಯ್ಲೆಂಡಿನ ಬುರಿರಾಮ್‌ಗೆ ಬಂದಿದ್ದೀರಾ? ಮೊದಲು ಬೆಳಗಿನ ಸಂತೆಗೆ ಹೋಗಿ ಬನ್ನಿ

ಹೊಸದಾಗಿ ಬಂದವರು ಇಲ್ಲಿಯ ನಮ್ಮ ಕನ್ನಡಿಗರ ಬಳಗಕ್ಕೆ ಫೋನ್ ಮಾಡಿದಾಗ ಮೊದಲು ಕೇಳುವ ಮಾತು ಒಂದೇ: "ಇಲ್ಲಿ ತೊಗರಿಬೇಳೆ ಎಲ್ಲಿ ಸಿಗುತ್ತೆ?" ಊರಿನ ಸಂತೆಯಲ್ಲಂತೂ ಸಿಗುವುದಿಲ್ಲ. ಬ್ಯಾಂಕಾಕ್‌ನ ಫಾಹುರತ್ ಬೀದಿಯಲ್ಲಿ ಸಿಗುತ್ತದೆ. ಯಾರಾದರೂ ಹೋದಾಗ ಹೇಳಿ ತರಿಸಿಕೊಳ್ಳಬಹುದು. ಆದರೆ ಬೇಳೆ ಡಬ್ಬ ತುಂಬಿಸುವ ಚಿಂತೆ ಎರಡು ದಿನ ಪಕ್ಕಕ್ಕಿಡಿ. ಪೆಟ್ಟಿಗೆ ಬಿಚ್ಚದಿದ್ದರೂ ಪರವಾಗಿಲ್ಲ, ನಾಳೆ ಬೆಳಿಗ್ಗೆ ಐದೂವರೆಗೆ ಎದ್ದು, ಕೈಚೀಲ ಹಿಡಿದು, ಮಕ್ಕಳನ್ನೂ ಕರೆದುಕೊಂಡು ಸಂತೆಗೆ ಹೋಗಿ. ಈ ಊರಿನ ಸುಖ ಮುಕ್ಕಾಲು ಪಾಲು ಬೆಳಗಿನ ಎಂಟು ಗಂಟೆಯೊಳಗೇ ಇದೆ. ತಡವಾಗಿ ಏಳುವವರಿಗೆ ಉಳಿಯುವುದು ಬಿಸಿಲು ಮತ್ತು ಹೆದ್ದಾರಿ.

ಸಂತೆಯಲ್ಲಿ ನಿಮಗೆ ಗುರುತು ಸಿಗುವ ವಸ್ತುಗಳೇ ಜಾಸ್ತಿ. ಬಾಳೆಹೂವು, ಹಲಸು, ಹೀರೆಕಾಯಿ, ಹಾಗಲ, ಬೂದುಗುಂಬಳ, ಅಲಸಂದೆ ಕಾಯಿ, ಹುಣಸೆ, ಹಸಿ ಅರಿಶಿನ. ನುಗ್ಗೆಗೆ ಇಲ್ಲಿ ಮರುಮ್ ಎನ್ನುತ್ತಾರೆ. ಬಸಳೆ ಸೊಪ್ಪೂ ಇದೆ, ಹೆಸರು ಫಕ್ ಪ್ಲಾಂಗ್. ತೊಂಡೆಬಳ್ಳಿ ಬೇಲಿಬೇಲಿಗೂ ಹಬ್ಬಿರುತ್ತದೆ, ಆದರೆ ಇಲ್ಲಿಯವರಿಗೆ ಬೇಕಾದದ್ದು ಅದರ ಎಳೆ ಕುಡಿ. ತೆಳ್ಳಗಿನ ಸಾರಿಗೆ ಹಾಕುತ್ತಾರೆ. ನಾವೂ ಬೇಳೆ ಜೊತೆ ಹಾಕಿ ನೋಡಿದೆವು, ಹರಿವೆಗಿಂತ ಮೃದು. ತೊಗರಿ ಇಲ್ಲದಿದ್ದರೂ ಸಿಪ್ಪೆ ತೆಗೆದ ಹೆಸರುಬೇಳೆ ಸಿಗುತ್ತದೆ. ಅವರು ಸಿಹಿ ತಿಂಡಿಗೆ ಬಳಸುತ್ತಾರೆ, ನೀವು ಸಾರು ಮಾಡಿ. ತೆಂಗಿನಕಾಯಿಯನ್ನು ಅಲ್ಲೇ ಯಂತ್ರದಲ್ಲಿ ತುರಿದು ಕೊಡುತ್ತಾರೆ. ಬೇಕಾದರೆ ಹಾಲೂ ಹಿಂಡಿ ಕೊಡುತ್ತಾರೆ. ಸಿಗದೆ ಇರುವುದು ಕರಿಬೇವು. ಅದರ ವಿಷಯ ಕೊನೆಗೆ ಹೇಳುತ್ತೇನೆ.

ನಾನು ಹೋಗುವ ಸಂತೆಯ ಮೂಲೆಯಲ್ಲಿ ಒಬ್ಬ ಅಜ್ಜಿ ಖನೋಮ್ ಕ್ರೋಕ್ ಮಾಡುತ್ತಾರೆ. ಕೆಂಡದ ಒಲೆ ಮೇಲೆ ಗುಳಿಗುಳಿಯಾದ ಕಾವಲಿ, ಥೇಟ್ ನಮ್ಮ ಪಡ್ಡಿನ ಕಾವಲಿ. ಅಕ್ಕಿ ಹಿಟ್ಟು ಮತ್ತು ತೆಂಗಿನ ಹಾಲಿನ ಹಿಟ್ಟನ್ನು ಗುಳಿಗೆ ಸುರಿಯುತ್ತಾರೆ, ಅದು ಅಂಚಿನಲ್ಲಿ ಕಟ್ಟಿಕೊಳ್ಳುವಾಗ ಮೇಲೆ ದಪ್ಪ ತೆಂಗಿನ ಹಾಲು ಒಂದು ಚಮಚ, ಅದರ ಮೇಲೆ ಜೋಳದ ಕಾಳೋ ಈರುಳ್ಳಿ ಸೊಪ್ಪೋ ಉದುರಿಸಿ ಮುಚ್ಚಳ ಮುಚ್ಚುತ್ತಾರೆ. ಆಮೇಲೆ ಚಮಚದಲ್ಲಿ ಎಬ್ಬಿಸಿ, ಎರಡನ್ನು ಒಂದರ ಮೇಲೊಂದು ಕವುಚಿ ಕೊಡುತ್ತಾರೆ. ಅಂಚು ಗರಿಗರಿ, ಒಳಗೆ ಕೆನೆಯಂತೆ ಬಿಸಿ. ಬಾಯಿ ಸುಟ್ಟುಕೊಳ್ಳಬೇಡಿ. ಮೊದಲ ತಿಂಗಳು ನಮಗೆ ಮಾತೇ ಬರುತ್ತಿರಲಿಲ್ಲ. ಮಗಳು ಪಡ್ಡಿನ ಕಾವಲಿಯ ಫೋಟೋವನ್ನು ಫೋನಿನಲ್ಲಿ ತೋರಿಸಿದಳು. ಅಜ್ಜಿ ಫೋನನ್ನು ಕಣ್ಣಿನ ಹತ್ತಿರ ಹಿಡಿದು, ಗುಳಿಗಳನ್ನು ಒಂದೊಂದಾಗಿ ಎಣಿಸಿ, ಪಕ್ಕದ ಅಂಗಡಿಯವರನ್ನು ಕರೆದು ತೋರಿಸಿದರು. ಆವತ್ತಿನಿಂದ ನಾವು ಅವರಿಗೆ ಹೊಸಬರಲ್ಲ.

ಖನೋಮ್ ಚೀನ್ ಕೂಡ ಕೊಳ್ಳಿ. ಅಕ್ಕಿ ಹಿಟ್ಟನ್ನು ಕುದಿಯುವ ನೀರಿಗೆ ಒತ್ತಿ ಮಾಡಿದ ಶಾವಿಗೆ. ಅವರು ಮೀನಿನ ಗೊಜ್ಜಿನ ಜೊತೆ ತಿನ್ನುತ್ತಾರೆ. ನೀವು ಬರೀ ಶಾವಿಗೆ ತಂದು ಕಾಯಿಹಾಲು ಬೆಲ್ಲ ಹಾಕಿಕೊಂಡರೆ ಒತ್ತು ಶಾವಿಗೆಯ ಆಸೆ ಮುಕ್ಕಾಲು ತೀರುತ್ತದೆ.

ಸಸ್ಯಾಹಾರಿಗಳು ಸ್ವಲ್ಪ ಎಚ್ಚರ ಇರಬೇಕು. "ಜೇ" ಎಂಬ ಪದ ಕಲಿಯಿರಿ. ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ ಎಂದರ್ಥ. ಬೆಳ್ಳುಳ್ಳಿ, ಈರುಳ್ಳಿಯೂ ಇರುವುದಿಲ್ಲ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ ಬರೆದಿರುತ್ತಾರೆ. ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ ಒಂಬತ್ತು ದಿನ ಜೇ ಹಬ್ಬ ಬರುತ್ತದೆ, ಆಗ ಊಟಕ್ಕೆ ಯೋಚನೆಯೇ ಇಲ್ಲ. ಉಳಿದ ದಿನಗಳಲ್ಲಿ "ಮಾಯ್ ಸಾಯ್ ನಾಮ್ ಪ್ಲಾ" ಎನ್ನಿ, ಮೀನಿನ ಸಾಸ್ ಹಾಕಬೇಡಿ ಎಂದು. ಸೋಮ್ ತಮ್ ಎಂಬ ಪಪ್ಪಾಯಿ ಕೋಸಂಬರಿಗೆ ಹುಳಿಬರಿಸಿದ ಮೀನು, ಅಂದರೆ ಪ್ಲಾ ರಾ, ಮತ್ತು ಒಣ ಸೀಗಡಿ ಎರಡೂ ಬೀಳುತ್ತವೆ. ಎರಡನ್ನೂ ಹೆಸರು ಹೇಳಿ ಬೇಡ ಎನ್ನಬೇಕು. ನಾನು ಮೊದಲ ಸಲ ಮೀನನ್ನಷ್ಟೇ ಬೇಡ ಎಂದಿದ್ದೆ, ಸೀಗಡಿ ಬಂತು. ಇನ್ನು ಮೊಸರು. ಅಂಗಡಿಯಲ್ಲಿ ಹೆಚ್ಚಿನವು ಸಿಹಿ ಬೆರೆಸಿದವು. "ರೋತ್ ಥಮ್ಮಚಾತ್" ಎಂದು ಕೇಳಿ, ಸಾದಾ ಮೊಸರು ಕೊಡುತ್ತಾರೆ. ಹೆಪ್ಪಿಗೂ ಅದೇ ಆಗುತ್ತದೆ.

ಮಾತಿನ ಬಗ್ಗೆ ಹೆದರಬೇಡಿ. ನಮ್ಮಲ್ಲಿ "ಊಟ ಆಯ್ತಾ?" ಎನ್ನುವಂತೆ ಇಲ್ಲೂ ಎದುರು ಸಿಕ್ಕವರನ್ನು "ಕಿನ್ ಖಾವ್ ರು ಯಾಂಗ್?" ಎಂದು ಕೇಳುತ್ತಾರೆ. ಉತ್ತರಕ್ಕೆ "ಕಿನ್ ಲೆವ್", ಆಯ್ತು, ಅಷ್ಟು ಸಾಕು. ಹೆಸರು ಹಿಡಿದು ಕರೆಯುವ ಬದಲು ಸಂಬಂಧ ಹಿಡಿದು ಕರೆಯುತ್ತಾರೆ. ದೊಡ್ಡವರು ಪೀ, ಚಿಕ್ಕವರು ನೋಂಗ್, ವಯಸ್ಸಾದ ಗಂಡಸರು ಲುಂಗ್, ಹೆಂಗಸರು ಪಾ, ತಾಯಿಯ ತಾಯಿ ಯಾಯ್. ಅಕ್ಕ, ಅಣ್ಣ ಎಂದು ಕರೆದು ಬೆಳೆದ ನಮಗೆ ಇದು ಕಷ್ಟವೇನಲ್ಲ. ಬುರಿರಾಮ್‌ನ ಎಷ್ಟೋ ಹಳ್ಳಿಗಳಲ್ಲಿ ಮನೆಮಾತು ಖಮೇರ್, ಇನ್ನು ಕೆಲವು ಕಡೆ ಇಸಾನ್ ಮಾತು, ಅಂದರೆ ಥಾಯ್ಲೆಂಡಿನ ಈಶಾನ್ಯ ಸೀಮೆಯ ಆಡುಮಾತು. ಊಟ ರುಚಿಯಾಗಿದ್ದರೆ "ಸೇಪ್" ಎನ್ನಿ. ಅಡುಗೆ ಮಾಡಿದವರ ಮುಖ ಅರಳುತ್ತದೆ.

ಮಕ್ಕಳಿಗೆ ತಿಂಗಳ ಹೆಸರು ಹೇಳಿಕೊಡಿ. ಏಪ್ರಿಲ್ ಇಲ್ಲಿ ಮೇಸಾಯೋನ್, ಅಂದರೆ ಮೇಷ. ಜೂನ್ ಮಿಥುನಾಯೋನ್, ಆಗಸ್ಟ್ ಸಿಂಗ್ಹಾಖೋಮ್, ಜನವರಿ ಮಕರಾಖೋಮ್. ಹನ್ನೆರಡೂ ರಾಶಿಗಳೇ. ಭಾನುವಾರ ಆಥಿತ್, ಸೋಮವಾರ ಚಾನ್, ಆದಿತ್ಯ ಮತ್ತು ಚಂದ್ರ. ಇಸವಿ ಮಾತ್ರ ಬೇರೆ. ಬೌದ್ಧ ವರ್ಷದಿಂದ 543 ಕಳೆಯಬೇಕು, 2568 ಎಂದರೆ 2025. ಹಾಲಿನ ಪ್ಯಾಕೆಟ್ ಮೇಲಿನ ದಿನಾಂಕ ನೋಡುವಾಗ ನೆನಪಿರಲಿ.

ಕಾಗದಪತ್ರದ ಮಾತು ಚುಟುಕಾಗಿ. ಬಾಡಿಗೆ ಮನೆಗೆ ಬಂದ 24 ಗಂಟೆಯೊಳಗೆ ಮನೆಯ ಮಾಲೀಕರು ಟಿಎಂ 30 ಎಂಬ ನಮೂನೆಯಲ್ಲಿ ವಲಸೆ ಕಚೇರಿಗೆ ತಿಳಿಸಬೇಕು. ಅದರ ಪ್ರತಿ ನಿಮ್ಮ ಹತ್ತಿರ ಇರಲಿ. ವೀಸಾ ಮೇಲೆ ಇಲ್ಲೇ ಇರುವವರು 90 ದಿನಕ್ಕೊಮ್ಮೆ ವಿಳಾಸ ತಿಳಿಸಬೇಕು. ಊರಿಗೆ ಹೋಗುವ ಮುನ್ನ ಮರುಪ್ರವೇಶದ ಪರವಾನಗಿ ತೆಗೆದುಕೊಳ್ಳಿ, ಇಲ್ಲದಿದ್ದರೆ ವೀಸಾ ರದ್ದಾಗುತ್ತದೆ. ಆಂಬುಲೆನ್ಸ್ 1669, ಪೊಲೀಸ್ 191. ಬೆಳಿಗ್ಗೆ ಎಂಟಕ್ಕೆ, ಸಂಜೆ ಆರಕ್ಕೆ ರಾಷ್ಟ್ರಗೀತೆ ಕೇಳಿದರೆ ನಿಂತುಬಿಡಿ. ಭಿಕ್ಷುಗಳನ್ನು ಹೆಂಗಸರು ಮುಟ್ಟುವಂತಿಲ್ಲ. ಕಂಬೋಡಿಯಾ ಗಡಿಯಲ್ಲಿ 2025ರಲ್ಲಿ ಗುಂಡಿನ ಕಾಳಗ ನಡೆದಿದೆ, ಆ ಕಡೆ ಸುತ್ತಾಡಲು ಹೊರಡುವ ಮುನ್ನ ಊರಿನವರನ್ನು ವಿಚಾರಿಸಿ.

ರಜೆಯ ದಿನ ಫನೋಮ್ ರುಂಗ್‌ಗೆ ಹೋಗಲೇಬೇಕು. ಆರಿಹೋದ ಜ್ವಾಲಾಮುಖಿಯ ನೆತ್ತಿಯ ಮೇಲೆ, ಹತ್ತರಿಂದ ಹದಿಮೂರನೇ ಶತಮಾನದ ನಡುವೆ ಖಮೇರರು ಕಟ್ಟಿದ ಶಿವನ ಗುಡಿ ಅದು. ನಾಗರ ಹೆಡೆಗಳ ಸೇತುವೆ ದಾಟಿ ಮೆಟ್ಟಿಲು ಹತ್ತಬೇಕು. ಪೂರ್ವ ಬಾಗಿಲ ಮೇಲೆ ನಟರಾಜ, ಅವನ ಕೆಳಗೆ ಶೇಷನ ಮೇಲೆ ಮಲಗಿದ ನಾರಾಯಣ. ಶ್ರೀರಂಗಪಟ್ಟಣ ನೋಡಿದವರ ಕೈ ತಾನಾಗಿ ಜೋಡಿಸಿಕೊಳ್ಳುತ್ತದೆ. ಈ ನಾರಾಯಣನ ಕಲ್ಲು ಕಳವಾಗಿ ಅಮೆರಿಕದ ಷಿಕಾಗೊ ಸೇರಿತ್ತು. ಥಾಯ್ ಜನ ಪಟ್ಟು ಬಿಡದೆ ಕೇಳಿ 1988ರಲ್ಲಿ ಮನೆಗೆ ತಂದರು. ಒಳಗೆ ಲಿಂಗವಿದೆ, ನಂದಿಯಿದ್ದಾನೆ, ಅಭಿಷೇಕದ ನೀರು ಹೋಗುವ ಸೋಮಸೂತ್ರವೂ ಇದೆ, ಹೆಸರು ಇಲ್ಲೂ ಅದೇ. ನನ್ನ ಅತ್ತೆ ಬಂದಾಗ ಅದನ್ನು ದಾಟದೆ ಅರ್ಧಕ್ಕೆ ತಿರುಗಿ ಪ್ರದಕ್ಷಿಣೆ ಮಾಡಿದರು. ಏಪ್ರಿಲ್ ಮೊದಲ ವಾರ ಮತ್ತು ಸೆಪ್ಟೆಂಬರ್ ಎರಡನೇ ವಾರ ಮೋಡ ಇಲ್ಲದಿದ್ದರೆ ಹುಟ್ಟುವ ಸೂರ್ಯ 15 ಬಾಗಿಲುಗಳನ್ನೂ ಒಂದೇ ನೇರದಲ್ಲಿ ಹಾಯುತ್ತಾನೆ. ಜನ ತುಂಬುತ್ತಾರೆ, ಕತ್ತಲಿರುವಾಗಲೇ ಹೊರಡಿ. ಇಳಿದು ಬರುವಾಗ ಮುವಾಂಗ್ ತಮ್ ಗುಡಿಯ ತಾವರೆ ಕೊಳದ ದಂಡೆಯಲ್ಲಿ ಬುತ್ತಿ ಬಿಚ್ಚಿ. ಹಕ್ಕಿ ಇಷ್ಟಪಡುವವರು ಹುಯಾಯ್ ಚೊರಖೆ ಮಾಕ್ ಜಲಾಶಯಕ್ಕೆ ಹೋಗಿ. ಕಾಡಿನಿಂದ ಕಾಣೆಯಾಗಿದ್ದ ಸಾರಸ ಕೊಕ್ಕರೆಗಳನ್ನು ಅಲ್ಲಿ 2011ರಿಂದ ಮತ್ತೆ ಬಿಟ್ಟಿದ್ದಾರೆ. ಭತ್ತದ ಗದ್ದೆಯ ನಡುವೆಯೇ ಗೂಡು ಕಟ್ಟುತ್ತವೆ.

ಹಬ್ಬಗಳಲ್ಲಿ ಸೋಂಗ್‌ಕ್ರಾನ್ ಏಪ್ರಿಲ್ 13ರಿಂದ 15. ಹೆಸರು ನಮ್ಮ ಸಂಕ್ರಾಂತಿಯದೇ, ಕರಾವಳಿಯವರಿಗೆ ಅದೇ ಹೊತ್ತಿಗೆ ಬಿಸು. ಪಕ್ಕದ ಮನೆಯ ಹಿರಿಯರ ಅಂಗೈ ಮೇಲೆ ಹೂವಿನ ನೀರು ಹಾಕಿ ಆಶೀರ್ವಾದ ಪಡೆಯಿರಿ, ಕರೆಯಲಿ ಎಂದು ಕಾಯಬೇಡಿ. ನವೆಂಬರ್ ಹುಣ್ಣಿಮೆಗೆ ಬಾಳೆದಿಂಡಿನ ತೆಪ್ಪದಲ್ಲಿ ದೀಪ ತೇಲಿಬಿಡುತ್ತಾರೆ. ನಮಗದು ಕಾರ್ತಿಕದ ದೀಪ.

ಈಗ ಕರಿಬೇವು. ನಮ್ಮ ಬಳಗದಲ್ಲಿ ಹಳೆಯ ಗಿಡವೊಂದಿದೆ. ಅದರ ಬುಡದಲ್ಲಿ ಹುಟ್ಟಿದ ಸಸಿಗಳನ್ನು ಹೊಸಬರಿಗೆ ಕೊಡುತ್ತಾ ಬಂದಿದ್ದೇವೆ. ನಿಮ್ಮ ಪಾಲಿನದನ್ನು ತೆಗೆದಿಟ್ಟಿದ್ದೇವೆ, ಬಂದು ತೆಗೆದುಕೊಂಡು ಹೋಗಿ. ಕುಂಡದಲ್ಲೇ ಇಡಿ, ಬೆಳಗಿನ ಬಿಸಿಲು ಬೀಳುವ ಕಡೆ. ಚಳಿಯಲ್ಲಿ ನೀರು ಕಡಿಮೆ ಹಾಕಿ. ಮೊದಲ ವರ್ಷ ಎಲೆ ಕೀಳಬೇಡಿ, ಅಲ್ಲಿಯವರೆಗೆ ಒಗ್ಗರಣೆಗೆ ನಮ್ಮ ಮನೆಯಿಂದ ಒಯ್ಯಿರಿ.