ಬೆಂಗಳೂರಿನಲ್ಲಿ ಬಾಡಿಗೆಗೆ ಫ್ಲ್ಯಾಟ್ ಹಿಡಿಯುವ ಮುನ್ನ ವಿಚಾರಿಸಬೇಕಾದ ಸಂಗತಿಗಳು

ಬೆಂಗಳೂರಿನಲ್ಲಿ ಬಾಡಿಗೆ ಮನೆ ನೋಡಲು ಹೋದವರಿಗೆ ಬ್ರೋಕರ್ ಹತ್ತು ನಿಮಿಷಕ್ಕಿಂತ ಹೆಚ್ಚು ಸಮಯ ಕೊಡುವುದು ಅಪರೂಪ. ಹಾಲ್, ಅಡುಗೆಮನೆ, ಎರಡು ಕೋಣೆ, ಬಾಲ್ಕನಿ ತೋರಿಸಿ, ಸಂಜೆ ಇನ್ನಿಬ್ಬರು ನೋಡಲು ಬರುವವರಿದ್ದಾರೆಂದು ಹೇಳಿ, ಟೋಕನ್ ಹಣ ಕೇಳುತ್ತಾರೆ. ಆ ಅವಸರಕ್ಕೆ ಒಳಗಾಗದಿರುವುದೇ ಮೊದಲ ಕೆಲಸ. ಹೊಸದಾಗಿ ಬಳಿದ ಬಣ್ಣವೂ ಹೊಳೆಯುವ ಟೈಲ್ಸೂ ತಾವಾಗಿಯೇ ಕಣ್ಣಿಗೆ ಬೀಳುತ್ತವೆ. ಕೇಳಿ, ಕೆದಕಿ ತಿಳಿದುಕೊಳ್ಳಬೇಕಾದವು ಮುಖ್ಯವಾಗಿ ಎರಡು. ಆ ಮನೆಗೆ ನೀರು ಎಲ್ಲಿಂದ ಬರುತ್ತದೆ ಎಂಬುದು ಒಂದು, ನೀವು ಕೊಡುವ ಮುಂಗಡ ಹಣ ಯಾವ ಷರತ್ತಿನ ಮೇಲೆ ಹಿಂದಿರುಗುತ್ತದೆ ಎಂಬುದು ಇನ್ನೊಂದು.

ನೀರಿನ ವಿಷಯದಲ್ಲಿ ‘ಇಪ್ಪತ್ನಾಲ್ಕು ಗಂಟೆಯೂ ನೀರಿದೆ’ ಎಂಬ ಉತ್ತರವನ್ನು ಒಪ್ಪಿ ಸುಮ್ಮನಾಗಬಾರದು. ಓವರ್‌ಹೆಡ್ ಟ್ಯಾಂಕಿನಲ್ಲಿ ನೀರಿರುವವರೆಗೆ ಯಾವ ಕಟ್ಟಡದಲ್ಲೂ ನಲ್ಲಿಯಲ್ಲಿ ನೀರು ಇದ್ದೇ ಇರುತ್ತದೆ. ಆ ಟ್ಯಾಂಕನ್ನು ತುಂಬಿಸುವುದು ಜಲಮಂಡಳಿಯ ಕಾವೇರಿ ನೀರೋ, ಬೋರ್‌ವೆಲ್ಲೋ, ಟ್ಯಾಂಕರೋ ಎಂಬುದನ್ನು ಬಿಡಿಸಿ ಕೇಳಬೇಕು. 2007ರಲ್ಲಿ ನಗರದ ವ್ಯಾಪ್ತಿಗೆ ಸೇರಿದ 110 ಹಳ್ಳಿಗಳ ಪ್ರದೇಶಕ್ಕೆಂದು ರೂಪಿಸಿದ ಕಾವೇರಿ ಐದನೇ ಹಂತದ ಯೋಜನೆ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. ದಿನಕ್ಕೆ 775 ದಶಲಕ್ಷ ಲೀಟರ್ ಅದರ ಸಾಮರ್ಥ್ಯ. ಆದರೆ ಬಡಾವಣೆಗೆ ಕೊಳವೆ ಬಂದಿರುವುದು ಬೇರೆ, ನೀವು ನೋಡುತ್ತಿರುವ ಕಟ್ಟಡ ಹಣ ಕಟ್ಟಿ ಸಂಪರ್ಕ ಪಡೆದಿರುವುದು ಬೇರೆ. ಆದ್ದರಿಂದ ಸಂಪರ್ಕ ಇದೆಯೇ, ವಾರದಲ್ಲಿ ಎಷ್ಟು ದಿನ ನೀರು ಬಿಡುತ್ತಾರೆ, ಸಂಪು ಎಷ್ಟು ಲೀಟರಿನದು ಎಂದು ಮೂರು ಪ್ರಶ್ನೆಗಳನ್ನು ಕೇಳಬೇಕು. ಇವನ್ನು ಮಾಲೀಕರಿಗಿಂತ ಕಟ್ಟಡದ ವಾಚ್‌ಮನ್‌ನನ್ನೋ ಎದುರು ಮನೆಯವರನ್ನೋ ಕೇಳುವುದು ಒಳ್ಳೆಯದು. ಮೋಟಾರ್ ಹಾಕುವವರಿಗೆ ತಿಳಿದಷ್ಟು ನಿಜ ಬೇರೆ ಊರಿನಲ್ಲಿರುವ ಮಾಲೀಕರಿಗೆ ತಿಳಿದಿರುವುದಿಲ್ಲ.

ನಾನು ಒಮ್ಮೆ ಜನವರಿ ತಿಂಗಳಲ್ಲಿ ಮನೆ ನೋಡಿ, ನೀರು ಧಾರಾಳವಾಗಿದೆಯೆಂದು ನಂಬಿ ಹಿಡಿದೆ. ಏಪ್ರಿಲ್ ಹೊತ್ತಿಗೆ ಬೋರ್‌ವೆಲ್ ಬತ್ತಿ, ಟ್ಯಾಂಕರಿನ ವೆಚ್ಚವನ್ನು ಮನೆಮನೆಗೆ ಹಂಚತೊಡಗಿದರು. ಬಾಡಿಗೆಯ ಲೆಕ್ಕದಲ್ಲಿ ಎಲ್ಲೂ ಇಲ್ಲದ ಆ ಹಣ ಮಳೆ ಬರುವವರೆಗೂ ಪ್ರತಿ ತಿಂಗಳು ಕೈಯಿಂದ ಹೋಗುತ್ತಿತ್ತು. ಅಂದಿನಿಂದ ‘ಹೋದ ಬೇಸಿಗೆಯ ಮಾರ್ಚ್, ಏಪ್ರಿಲ್, ಮೇ ತಿಂಗಳ ಮೇಂಟೆನೆನ್ಸ್ ರಸೀದಿ ತೋರಿಸಿ’ ಎಂದು ಕೇಳುವುದನ್ನು ನಾನು ರೂಢಿ ಮಾಡಿಕೊಂಡಿದ್ದೇನೆ. 2024ರ ಬೇಸಿಗೆಯಲ್ಲಿ ನಗರದ ಎಷ್ಟೋ ಬೋರ್‌ವೆಲ್‌ಗಳು ಬತ್ತಿ, ಕುಡಿಯುವ ನೀರಿನಲ್ಲಿ ಕಾರು ತೊಳೆದವರಿಗೆ 5,000 ರೂಪಾಯಿ ದಂಡ ವಿಧಿಸುವ ಸ್ಥಿತಿ ಬಂದಿದ್ದನ್ನು ಕಂಡ ಊರಿದು. ಈ ಪ್ರಶ್ನೆಯನ್ನು ಕೇಳಲು ಯಾರೂ ಸಂಕೋಚಪಡಬೇಕಿಲ್ಲ.

ನೀರು ಎಷ್ಟಿದೆ ಎಂಬುದರಂತೆಯೇ ಹೇಗಿದೆ ಎಂಬುದನ್ನೂ ನೋಡಬೇಕು. ಬಚ್ಚಲುಮನೆಯ ನಲ್ಲಿ, ಶವರ್ ಮತ್ತು ಬಕೆಟ್ಟಿನ ಅಂಚಿನಲ್ಲಿ ಬಿಳಿ ಸುಣ್ಣದಂಥ ಪದರ ಕಂಡರೆ ಅದು ಬೋರ್‌ವೆಲ್ಲಿನ ಗಡಸು ನೀರು. ಸೋಪು ನೊರೆ ಬರುವುದಿಲ್ಲ, ಗೀಸರ್‌ನ ಕಾಯಿಲ್ ಬೇಗ ಹಾಳಾಗುತ್ತದೆ. ಎಲ್ಲ ನಲ್ಲಿಗಳನ್ನೂ ಒಟ್ಟಿಗೆ ತಿರುಗಿಸಿ ಒತ್ತಡ ಪರೀಕ್ಷಿಸಿ, ಫ್ಲಶ್ ಮಾಡಿ, ಬಚ್ಚಲಿಗೆ ಒಂದು ಬಕೆಟ್ ನೀರು ಸುರಿದು ಎಷ್ಟು ಹೊತ್ತಿನಲ್ಲಿ ಇಳಿಯುತ್ತದೆ ಎಂದು ನೋಡಿ. ಮೇಲಿನ ಮಹಡಿಯಲ್ಲಿ ಒತ್ತಡ ಕಡಿಮೆಯಿರುವುದು ಸಾಮಾನ್ಯವಾದ್ದರಿಂದ ಅಲ್ಲಿ ಪ್ರೆಶರ್ ಪಂಪ್ ಇದೆಯೇ ಎಂದು ವಿಚಾರಿಸಬೇಕು.

ನೀರಿಲ್ಲದ್ದು ಹೇಗೋ ಹಾಗೆ ನೀರು ನುಗ್ಗುವುದೂ ಈ ಊರಿನ ಕಷ್ಟವೇ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಬಡಾವಣೆಗಳೂ, 2024ರ ಅಕ್ಟೋಬರ್‌ನಲ್ಲಿ ಯಲಹಂಕದ ಕೇಂದ್ರೀಯ ವಿಹಾರವೂ ಜಲಾವೃತವಾಗಿ, ನಿವಾಸಿಗಳನ್ನು ದೋಣಿಯಲ್ಲಿ ಹೊರಗೆ ಕರೆತರಬೇಕಾಯಿತು. ಕೆರೆಯ ಕೋಡಿಯ ಕೆಳಗೆ, ರಾಜಕಾಲುವೆಯ ಪಕ್ಕದಲ್ಲಿ, ಅಥವಾ ರಸ್ತೆಗಿಂತ ತಗ್ಗಿನಲ್ಲಿರುವ ಕಟ್ಟಡವಾದರೆ ಬೇಸ್‌ಮೆಂಟ್ ಪಾರ್ಕಿಂಗ್‌ಗೆ ಇಳಿದು ಗೋಡೆಯ ಮೇಲೆ ಹಳೆಯ ನೀರಿನ ಗುರುತು ಇದೆಯೇ, ಮೀಟರ್ ಬೋರ್ಡು ಎಷ್ಟು ಎತ್ತರದಲ್ಲಿದೆ ಎಂದು ನೋಡಲೇಬೇಕು. 2025ರ ಮೇ ತಿಂಗಳಲ್ಲಿ ಬಿಟಿಎಂ ಬಡಾವಣೆಯ ಅಪಾರ್ಟ್‌ಮೆಂಟ್ ಒಂದರಲ್ಲಿ ಬೇಸ್‌ಮೆಂಟಿನ ಮಳೆನೀರು ಹೊರಹಾಕುವಾಗ ವಿದ್ಯುತ್ ತಗುಲಿ ಇಬ್ಬರು ಸತ್ತರು. ಇಂಥ ಜಾಗದಲ್ಲಿ ನಾಲ್ಕೈದು ಸಾವಿರ ಕಡಿಮೆ ಬಾಡಿಗೆಯೆಂದು ಮನೆ ಹಿಡಿಯಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಮನೆಯನ್ನು ಹಗಲಿನಲ್ಲೊಮ್ಮೆ, ಸಂಜೆ ಏಳರ ನಂತರ ಇನ್ನೊಮ್ಮೆ ನೋಡಿ. ಹಗಲಿನಲ್ಲಿ ದೀಪಗಳನ್ನೆಲ್ಲ ಆರಿಸಿದರೆ ಕೋಣೆಗೆ ಬೆಳಕು ಗಾಳಿ ಎಷ್ಟು ಬರುತ್ತದೆಂದು ತಿಳಿಯುತ್ತದೆ. ವಾರ್ಡ್‌ರೋಬಿನ ಬಾಗಿಲು ತೆರೆದಾಗ ಬೂಷ್ಟಿನ ವಾಸನೆ ಬಂದರೆ, ಬಚ್ಚಲಿಗೆ ಅಂಟಿದ ಗೋಡೆಯಲ್ಲಿ ಬಣ್ಣ ಉಬ್ಬಿದ್ದರೆ, ಒಳಗೆ ಸೋರಿಕೆಯಿದೆ ಎಂದು ತಿಳಿಯಬೇಕು. ಸಂಜೆ ಹೋದರೆ ಪಾರ್ಕಿಂಗ್ ಜಾಗ ನಿಜಕ್ಕೂ ಖಾಲಿಯಿದೆಯೇ, ಬೀದಿಯ ಗದ್ದಲ ಎಷ್ಟು, ಕೊಳಚೆ ನೀರು ಶುದ್ಧೀಕರಿಸುವ ಘಟಕದ ವಾಸನೆ ಬಾಲ್ಕನಿಗೆ ಬರುತ್ತದೆಯೇ ಎಂಬುದು ಗೊತ್ತಾಗುತ್ತದೆ. ಲಿಫ್ಟನ್ನು ಬಿಟ್ಟು ಮೆಟ್ಟಿಲಿನಲ್ಲಿಯೇ ಇಳಿದು ಬನ್ನಿ. ಮೆಟ್ಟಿಲ ಮೇಲೆ ಹಳೆಯ ಮಂಚ, ಸೈಕಲ್ಲು ತುಂಬಿದ್ದರೆ ಅಥವಾ ಹೊರಬಾಗಿಲಿಗೆ ಬೀಗ ಹಾಕಿದ್ದರೆ ಬೆಂಕಿ ಬಿದ್ದ ದಿನ ದಾರಿಯಿರುವುದಿಲ್ಲ.

ವಿದ್ಯುತ್ತಿಗೆ ಸಂಬಂಧಿಸಿದಂತೆ ನಿಮ್ಮ ಮನೆಗೆ ಬೆಸ್ಕಾಂನ ಪ್ರತ್ಯೇಕ ಮೀಟರ್ ಇದೆಯೇ ಎಂದು ಕೇಳಿ, ಆ ಸಂಪರ್ಕವನ್ನು ಗುರುತಿಸುವ ಆರ್‌ಆರ್ ಸಂಖ್ಯೆ ಬರೆದುಕೊಳ್ಳಿ. ತಿಂಗಳಿಗೆ 200 ಯೂನಿಟ್‌ವರೆಗಿನ ಬಳಕೆಗೆ ಅನ್ವಯಿಸುವ, 2023ರಲ್ಲಿ ಆರಂಭವಾದ ಗೃಹಜ್ಯೋತಿ ಉಚಿತ ವಿದ್ಯುತ್ ಯೋಜನೆ ಬಾಡಿಗೆದಾರರಿಗೂ ಇದೆ. ಆದರೆ ಹಿಂದೆ ಇದ್ದವರ ಆಧಾರ್ ಆ ಸಂಖ್ಯೆಗೆ ಜೋಡಣೆಯಾಗಿದ್ದರೆ ಮೊದಲು ಅದನ್ನು ತೆಗೆಸಬೇಕು. ಮಾಲೀಕರು ಒಂದೇ ಮೀಟರಿನಿಂದ ಮೂರು ಮನೆಗೆ ಸಬ್‌ಮೀಟರ್ ಹಾಕಿ ಕೊಟ್ಟಿದ್ದರೆ ಎಲ್ಲರ ಯೂನಿಟ್‌ಗಳೂ ಸೇರಿ ಲೆಕ್ಕವಾಗುವುದರಿಂದ ಸೌಲಭ್ಯ ಕೈತಪ್ಪುವ ಸಂಭವವಿದೆ. ಹೊಚ್ಚ ಹೊಸ ಕಟ್ಟಡವಾದರೆ ಸ್ವಾಧೀನಾನುಭವ ಪತ್ರ, ಅಂದರೆ ಒಸಿ, ಸಿಕ್ಕಿದೆಯೇ ಎಂದು ವಿಚಾರಿಸಬೇಕು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನ ನಂತರ, ಒಸಿ ಇಲ್ಲದ ಕಟ್ಟಡಗಳಿಗೆ ಕಾಯಂ ವಿದ್ಯುತ್ ಮತ್ತು ನೀರಿನ ಸಂಪರ್ಕ ಪಡೆಯುವುದು ಕಷ್ಟವಾಯಿತು.

ಇಷ್ಟೆಲ್ಲ ಒಪ್ಪಿಗೆಯಾದ ಮೇಲೆ ಹಣದ ಮಾತು. ಮೊದಲಿಗೆ ನಿಮ್ಮೊಡನೆ ಮಾತಾಡುತ್ತಿರುವವರು ನಿಜವಾದ ಮಾಲೀಕರೇ ಎಂದು ಖಾತ್ರಿಪಡಿಸಿಕೊಳ್ಳಿ. ಆಸ್ತಿ ತೆರಿಗೆ ರಸೀದಿ ಮತ್ತು ವಿದ್ಯುತ್ ಬಿಲ್ಲಿನಲ್ಲಿರುವ ಹೆಸರನ್ನು ಅವರ ಗುರುತಿನ ಚೀಟಿಯೊಂದಿಗೆ ಹೋಲಿಸಿ ನೋಡಲು ಐದು ನಿಮಿಷ ಸಾಕು. ಬೇರೆಯವರ ಪರವಾಗಿ ಬಂದವರಾದರೆ ಅಧಿಕಾರ ಪತ್ರ ಕೇಳಿ. ಮುಂಗಡವನ್ನು ಮಾಲೀಕರ ಬ್ಯಾಂಕ್ ಖಾತೆಗೇ ಹಾಕಿ, ನಗದಾಗಿ ಕೊಡಬೇಡಿ. ಬೆಂಗಳೂರಿನಲ್ಲಿ ಬಹಳ ಕಾಲ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವುದೇ ರೂಢಿಯಾಗಿತ್ತು. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಮಿತಿಯನ್ನು ಸೂಚಿಸಿದೆಯಾದರೂ, ಅದು ರಾಜ್ಯಗಳಿಗೆ ಕೊಟ್ಟ ಮಾದರಿಯೇ ಹೊರತು ತಾನಾಗಿ ಜಾರಿಗೆ ಬರುವಂಥದ್ದಲ್ಲ. ಆದ್ದರಿಂದ ಚೌಕಾಸಿ ನಿಮ್ಮ ಕೈಯಲ್ಲೇ ಇದೆ. ಆರಕ್ಕೋ ಐದಕ್ಕೋ ಇಳಿಸಿ ಎಂದು ಧೈರ್ಯವಾಗಿ ಕೇಳಿ.

ಕರಾರು ಪತ್ರ ಹನ್ನೊಂದು ತಿಂಗಳಿಗೆ ಆಗುವುದಕ್ಕೆ ಕಾರಣ, ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಾಯಿಸಬೇಕಾಗುತ್ತದೆ ಎಂಬುದು. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ನಮೂನೆಗೆ ಸಹಿ ಹಾಕುವ ಬದಲು ಕೆಲವು ಸಾಲುಗಳನ್ನು ಸೇರಿಸಲು ಒತ್ತಾಯಿಸಿ. ಮನೆ ಬಿಟ್ಟ ಎಷ್ಟು ದಿನದೊಳಗೆ ಮುಂಗಡ ಹಿಂದಿರುಗಿಸಬೇಕು; ಬಣ್ಣ ಮತ್ತು ಸ್ವಚ್ಛತೆಗೆಂದು ಹಿಡಿದುಕೊಳ್ಳುವ ಮೊತ್ತ ಎಷ್ಟು; ವರ್ಷಕ್ಕೆ ಬಾಡಿಗೆ ಏರಿಕೆ ಶೇಕಡಾ ಎಷ್ಟು; ಮೇಂಟೆನೆನ್ಸ್ ಮತ್ತು ಟ್ಯಾಂಕರ್ ವೆಚ್ಚ ಯಾರದು; ಸೋರಿಕೆ, ಪೈಪು, ವೈರಿಂಗ್ ದುರಸ್ತಿ ಯಾರ ಹೊಣೆ; ಎರಡೂ ಕಡೆಯ ನೋಟಿಸ್ ಅವಧಿ ಎಷ್ಟು ಎಂಬುದೆಲ್ಲ ಸ್ಪಷ್ಟವಾಗಿ ಬರವಣಿಗೆಯಲ್ಲಿ ಇರಲಿ. ಮನೆ ಬಿಡುವಾಗ ಒಂದು ತಿಂಗಳ ಬಾಡಿಗೆಯನ್ನು ಬಣ್ಣಕ್ಕೆಂದು ಕಡಿಯುವುದು ಇಲ್ಲಿ ಎಷ್ಟು ಬೇರೂರಿದೆಯೆಂದರೆ, ಎರಡು ವರ್ಷಕ್ಕಿಂತ ಹೆಚ್ಚು ಇದ್ದವರಿಗೆ ಅದರಿಂದ ವಿನಾಯಿತಿ ಎಂದು ಬರೆಸಿಕೊಳ್ಳುವ ಸಾಧ್ಯತೆಯನ್ನೇ ಹೆಚ್ಚಿನವರು ಯೋಚಿಸುವುದಿಲ್ಲ. ವರ್ಷದ ಬಾಡಿಗೆ ಒಂದು ಲಕ್ಷ ರೂಪಾಯಿ ಮೀರಿ, ನೀವು ಮನೆ ಬಾಡಿಗೆ ಭತ್ಯೆಯ ಮೇಲೆ ತೆರಿಗೆ ವಿನಾಯಿತಿ ಪಡೆಯುವವರಾದರೆ ಮಾಲೀಕರ ಪ್ಯಾನ್ ಬೇಕಾಗುತ್ತದೆ. ಕರಾರಿನ ದಿನವೇ ಕೇಳಿ ಪಡೆಯಿರಿ.

ಬಾಡಿಗೆಯ ಬದಲು ಲೀಸ್, ಅಂದರೆ ಭೋಗ್ಯಕ್ಕೆ ಹಾಕಿಕೊಳ್ಳುವ ಯೋಚನೆಯಿದ್ದರೆ ಇನ್ನೂ ಎಚ್ಚರ ಬೇಕು. ಹತ್ತಿಪ್ಪತ್ತು ಲಕ್ಷ ಒಟ್ಟಿಗೆ ಕೊಟ್ಟು ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಇರುವುದು ಲಾಭವಾಗಿ ಕಾಣುತ್ತದೆ. ಆದರೆ ಅದೇ ಮನೆಯ ಮೇಲೆ ಮಾಲೀಕರು ಸಾಲ ತೆಗೆದು ಕಂತು ಕಟ್ಟದಿದ್ದರೆ ಬ್ಯಾಂಕು ಮನೆಯನ್ನು ವಶಕ್ಕೆ ತೆಗೆದುಕೊಳ್ಳಲು ಬರುತ್ತದೆ, ನೋಂದಣಿಯಾಗದ ಕಾಗದ ಹಿಡಿದು ನಿಂತವರ ಮಾತಿಗೆ ಆಗ ಬಲ ಬಹಳ ಕಡಿಮೆ. ನೋಂದಣಿ ಇಲಾಖೆಯ ‘ಕಾವೇರಿ’ ಜಾಲತಾಣದಲ್ಲಿ ಋಣಭಾರ ಪ್ರಮಾಣಪತ್ರ, ಅಂದರೆ ಇಸಿ, ತೆಗೆಸಿ ನೋಡಿ. ಎಲ್ಲ ಸಾಲವೂ ಅದರಲ್ಲಿ ಕಾಣುವುದಿಲ್ಲವಾದ್ದರಿಂದ ಮೂಲ ಕ್ರಯಪತ್ರ ತೋರಿಸಲು ಕೇಳಿ, ಪತ್ರ ಬ್ಯಾಂಕಿನಲ್ಲಿದೆ ಎಂಬ ಉತ್ತರ ಬಂದರೆ ಅಲ್ಲಿಗೆ ಬಿಡಿ. ಎಲ್ಲ ಸರಿಯಿದ್ದರೂ ಭೋಗ್ಯ ಪತ್ರವನ್ನು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸದೆ ಹಣ ಕೊಡಬೇಡಿ. ಹಲವು ವರ್ಷದ ಉಳಿತಾಯವನ್ನು ಹೀಗೆ ಕಳೆದುಕೊಂಡ ಕುಟುಂಬಗಳ ಸಂಕಟ ದೊಡ್ಡದು.

ಕೀಲಿ ಕೈಗೆ ಬಂದ ದಿನ, ಸಾಮಾನು ಇಳಿಸುವುದಕ್ಕೂ ಹಾಲು ಉಕ್ಕಿಸುವುದಕ್ಕೂ ಮೊದಲು, ಖಾಲಿ ಮನೆಯ ಪ್ರತಿ ಗೋಡೆ, ಸಿಂಕು, ಕಿಟಕಿಯ ಗಾಜು, ಗೀಸರ್, ಫ್ಯಾನ್‌ಗಳ ವಿಡಿಯೊ ತೆಗೆಯಿರಿ. ವಿದ್ಯುತ್ ಮೀಟರಿನ ಅಂಕಿಯ ಫೋಟೊವನ್ನೂ ಸೇರಿಸಿ, ಈಗಾಗಲೇ ಇರುವ ಬಿರುಕು, ಕಲೆಗಳ ಪಟ್ಟಿಯೊಡನೆ ಅದೇ ದಿನ ಮಾಲೀಕರಿಗೆ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿ, ‘ಸರಿ’ ಎಂಬ ಒಂದು ಉತ್ತರ ಪಡೆದು ಇಟ್ಟುಕೊಳ್ಳಿ.